ಕೊನೆಯ ಕಾಲು ಗಂಟೆ

ನನ್ನ ಮೊಮ್ಮಗಳಿಗೆ ನಾಲ್ಕನೆಯ ಹಲ್ಲು ಬಂದಿದೆ. ಕೆಳಗೆ ಎರಡು, ಮೇಲೆ ಎರಡು. ನಿನ್ನೆ ಆ ನಾಲ್ಕರಲ್ಲೂ ನನ್ನ ಬೆರಳು ಕಚ್ಚಿದಳು. ಚೆನ್ನಾಗಿ ನೋವಾಯಿತು. ಆ ಸಂತೋಷ ಒಬ್ಬಳೇ ಇಟ್ಟುಕೊಳ್ಳಲಾಗದೆ ನಮ್ಮ ಬಿಜೈ ಕೇರಿಯ ನಾಲ್ಕು ಮನೆಗಳಿಗೆ ಹೋಗಿ ಬೆರಳು ತೋರಿಸಿ ಬಂದೆ. ಎದುರು ಮನೆಯವಳು, "ಹಲ್ಲು ಎಲ್ಲ ಮಕ್ಕಳಿಗೂ ಬರ್ತದೆ ಮಾರಾಯ್ತಿ" ಎಂದಳು. ಬರಲಿ, ಬೇಡ ಅಂದವರು ಯಾರು? ಇವಳಿಗೆ ಬಂದ ಹಾಗೆ ಬರುವುದಿಲ್ಲ, ಅಷ್ಟೆ.

ಸಂಜೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಹೇಳುತ್ತೇನೆ. ಹತ್ತು ತಿಂಗಳ ಕೂಸಿಗೆ ಎಂತ ಕತೆ ಎಂದು ಮಗಳು ನಗುತ್ತಾಳೆ. ಆದರೆ ಕಾಗೆ ಹಾರಿತು, ಬೆಕ್ಕು ಬಂತು ಎಂದು ಹೇಳುತ್ತಾ ಹೋದರೆ ಕೂಸು ಬಾಯಿ ತೆರೆದು ನನ್ನ ಮುಖವನ್ನೇ ನೋಡುತ್ತದೆ. ನಾನು ಸುಮ್ಮನಾದರೆ ಗಲ್ಲಕ್ಕೆ ಹೊಡೆಯುತ್ತದೆ. ಮುಂದೆ ಏನಾಯಿತು ಹೇಳು ಎಂದು. ಕತೆಯ ಕೊನೆಗೆ ಕಾಯುವ ಆ ಮುಖ ನೋಡುವಾಗಲೆಲ್ಲ ನನಗೆ ಒಬ್ಬರ ನೆನಪಾಗುತ್ತದೆ. ಕಳೆದ ಆಟಿ ತಿಂಗಳ ಮಳೆಯಲ್ಲಿ ಅವರು ತೀರಿಕೊಂಡರು. ಎರಡನೆಯ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೂ ಅವರ ಬಗ್ಗೆ ಬರೆಯಬೇಕಾದವಳು ನಾನೇ.

ಅವರನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಗೇರುಬೀಜದ ಕಾರ್ಖಾನೆಯಲ್ಲಿ ನನ್ನ ಬಲಬದಿಯ ಕಲ್ಲು ಅವರದು. ಹುರಿದ ಬೀಜವನ್ನು ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಒಂದು ಪೆಟ್ಟು ಕೊಟ್ಟು ಸಿಪ್ಪೆ ಒಡೆದು ತಿರುಳು ತೆಗೆಯುವುದು ನಮ್ಮ ಕೆಲಸ. ಪೆಟ್ಟು ಸರಿಯಾಗಿ ಬಿದ್ದರೆ ತಿರುಳು ಇಡಿಯಾಗಿ ಬರುತ್ತದೆ. ಮನಸ್ಸು ಸ್ವಲ್ಪ ಆಚೀಚೆ ಆದರೆ ತುಂಡು. ಸಿಪ್ಪೆಯ ಸೊನೆ ತಾಗಿ ಕೈ ಸುಡಬಾರದೆಂದು ಬೂದಿ ಹಚ್ಚಿಕೊಳ್ಳುತ್ತಿದ್ದೆವು. ಎಷ್ಟು ಹಚ್ಚಿದರೂ ಬೆರಳ ತುದಿ ಕಪ್ಪಾಗಿಯೇ ಇರುತ್ತಿತ್ತು. ಅಕ್ಕನ ಬೆರಳುಗಳಂತೂ ಹೊಗೆ ಹಿಡಿದ ಸೌಟಿನ ಹಿಡಿಯ ಹಾಗೆ.

ಅವರು ಕುಳ್ಳಗೆ, ಗಟ್ಟಿ. ಮಕ್ಕಳಿಲ್ಲ, ಗಂಡ ಬಹಳ ಹಿಂದೆ ಮೀನಿಗೆ ಹೋದವರು ಬಂದಿರಲಿಲ್ಲ. ಕೂಳೂರು ಹೊಳೆಯ ಆಚೆ ದಡದಲ್ಲಿ ಒಂದು ಗುಡಿಸಲು. ದಿನವೂ ಕಡವಿನ ದೋಣಿಯಲ್ಲಿ ಹೊಳೆ ದಾಟಿ, ನಡೆದು ಕೆಲಸಕ್ಕೆ ಬರುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಚಟ, ಪಿಚ್ಚರು. ಭಾನುವಾರ ಮಧ್ಯಾಹ್ನ ಅಂಚಿಗೆ ಕೆಂಪು ಪಟ್ಟಿಯಿದ್ದ ಬಿಳಿ ಸೀರೆ ಉಟ್ಟು ಪೇಟೆಯ ಟಾಕೀಸಿಗೆ ಹೋಗಿ ಎಲ್ಲರಿಗಿಂತ ಮುಂದೆ, ನೆಲದ ಮೇಲೆ ಕೂರುತ್ತಿದ್ದರು. ಪಿಚ್ಚರಿಗೆ ಮಾತು ಬಾರದಿದ್ದ ಕಾಲದಿಂದಲೂ ಹೀಗೆಯೇ. ಮಾತು ಬಂದ ಮೇಲೆ ಬಂದದ್ದೆಲ್ಲ ನಮಗೆ ತಿಳಿಯದ ಭಾಷೆಗಳು. ನಾವು ಮನೆಯಲ್ಲಿ ತುಳು ಮಾತನಾಡುವವರು. "ನಿಮಗೆ ಹೇಗೆ ಅರ್ಥ ಆಗ್ತದೆ ಅಕ್ಕ?" ಎಂದು ಕೇಳಿದರೆ, "ಮಾತು ಯಾವುದಾದರೆ ಎಂತ? ಅಳುವುದೆಲ್ಲ ತುಳುವಿನಲ್ಲೇ ಉಂಟಲ್ಲ" ಎನ್ನುತ್ತಿದ್ದರು.

ಸೋಮವಾರ ಬೆಳಿಗ್ಗೆ ನಮಗೆ ಪಿಚ್ಚರು. ಕೊಡತಿ ಬಡಿಯುತ್ತಲೇ ಅಕ್ಕ ಕತೆ ಶುರು ಮಾಡುತ್ತಿದ್ದರು. ಕತೆಗಿಂತ ಮೊದಲು ತೀರ್ಪು.

"ನಿನ್ನೆಯದು ನೋಡುವ ಹಾಗೇ ಇಲ್ಲ."

"ಯಾಕೆ ಅಕ್ಕ?"

"ರಾಜನಿಗೆ ಹಾವು ಕಚ್ಚಿತು. ಕಚ್ಚಿದ ಮೇಲೆ ಮೂರು ಹಾಡು ಹೇಳಿದ. ಸಾಯುವವನಿಗೆ ಅಷ್ಟು ಉಸಿರಿದ್ದರೆ ನಡೆದುಕೊಂಡು ಹೋಗಿ ಮದ್ದು ತರಬಾರದಾ?"

ಬಡವರ ಮನೆಯ ಕತೆಯಾದರೆ ಅವರ ಕಣ್ಣು ನೇರ ಅಡುಗೆಮನೆಗೆ. "ಎಂತ ಬಡತನ ಅದು! ಮಾಡಿನಲ್ಲಿ ಹೊಗೆಯ ಮಸಿ ಇಲ್ಲ, ಒಲೆಯಲ್ಲಿ ಬೂದಿ ಇಲ್ಲ. ಒಲೆ ಹೊತ್ತಿಸದ ಮನೆಯಲ್ಲಿ ಹಸಿವು ಅಂತ ಅತ್ತರೆ ಯಾರು ನಂಬುವುದು?" ಇನ್ನೊಂದರಲ್ಲಿ ನಾಯಕ ದೋಣಿಯಲ್ಲಿ ನಾಯಕಿಯನ್ನು ಕೂರಿಸಿ ಹೊಳೆ ದಾಟಿಸಿದನಂತೆ. ಅದನ್ನು ಅಕ್ಕ ಒಂದು ತಿಂಗಳು ಬೈದರು. "ಹುಟ್ಟು ನೀರಿಗೆ ತಾಗಲೇ ಇಲ್ಲ. ಪುಣ್ಯಾತ್ಮ ಗಾಳಿಯಲ್ಲಿ ಹಾಕಿದ. ನಮ್ಮ ಕಡವಿಗೆ ಬರಲಿ ಅವನು, ಕೂಳೂರಿನಿಂದ ಹೊರಟರೆ ಸಮುದ್ರಕ್ಕೆ ಮುಟ್ಟುತ್ತಾನೆ."

ಹಾಗೆಂದು ಎಲ್ಲವನ್ನೂ ಬೈಯುವವರಲ್ಲ. ಒಂದು ಪಿಚ್ಚರಿನಲ್ಲಿ ಒಬ್ಬಳಿಗೆ ಮಗ ಸತ್ತ ಸುದ್ದಿ ಬರುತ್ತದಂತೆ. ಅವಳು ಅಳುವ ಮೊದಲು ಒಲೆಯ ಮೇಲಿನ ಪಾತ್ರೆಯನ್ನು ಕೆಳಗಿಳಿಸಿದಳಂತೆ. ಅದನ್ನು ಹೇಳುವಾಗ ಅಕ್ಕ ಕೊಡತಿ ಕೆಳಗಿಟ್ಟರು. "ಪಾತ್ರೆ ಇಳಿಸಿ ಮತ್ತೆ ಅತ್ತಳು. ನಾವು ಹಾಗೆಯೇ ಅಲ್ಲವಾ ಅಳುವುದು? ಅವಳು ಒಳ್ಳೆಯವಳು. ಅವಳದ್ದು ಯಾವ ಪಿಚ್ಚರು ಬಂದರೂ ನಾನು ನೋಡುತ್ತೇನೆ." ನಮ್ಮ ಸಾಲಿನ ಹನ್ನೊಂದು ಹೆಂಗಸರೂ ಕೊಡತಿ ಹಿಡಿದು ಅತ್ತೆವು. ಮೇಸ್ತ್ರಿ ಬಂದು ಬುಟ್ಟಿ ನೋಡಿ ತಲೆಗೆ ಕೈಯಿಟ್ಟುಕೊಂಡ. ಎಲ್ಲರದ್ದೂ ತುಂಡು.

"ಎಂತ ಇದು? ಸೋಮವಾರ ಮಾತ್ರ ನಿಮ್ಮ ಕೈಗೆ ಎಂತ ರೋಗ?"

"ರೋಗ ಅಲ್ಲ ಮೇಸ್ತ್ರಿ, ಮಗ ಸತ್ತ" ಎಂದಳು ಕೊನೆಯ ಕಲ್ಲಿನವಳು.

ಮೇಸ್ತ್ರಿ ಗಾಬರಿಯಾಗಿ, "ಯಾರ ಮಗ?" ಎಂದ. ಪಿಚ್ಚರಿನವಳದ್ದೆಂದು ತಿಳಿದ ಮೇಲೆ ಬೈದ. ಬೈದು ಮುಗಿಸಿ, "ಮತ್ತೆ ಎಂತ ಆಯ್ತು?" ಎಂದು ಅಲ್ಲೇ ಒಂದು ಚೀಲದ ಮೇಲೆ ಕೂತ. ಅಂದಿನಿಂದ ಪಿಚ್ಚರಿನ ಬೆಲೆ ಕಟ್ಟಲು ನಮಗೆ ಒಂದು ಅಳತೆ ಸಿಕ್ಕಿತು. ಬುಟ್ಟಿಯಲ್ಲಿ ತುಂಡು ಹೆಚ್ಚಿದ್ದರೆ ಒಳ್ಳೆಯ ಪಿಚ್ಚರು. ತಿರುಳೆಲ್ಲ ಇಡಿಯಾಗಿ ಬಂದರೆ, ಪಾಪ, ಅಕ್ಕನ ಭಾನುವಾರ ಹಾಳು.

ಅವರು ಹೇಳುತ್ತಿದ್ದ ಕೊನೆಗಳು ಮಾತ್ರ ಯಾವಾಗಲೂ ಚೆನ್ನಾಗಿರುತ್ತಿದ್ದವು. ಮಧ್ಯದಲ್ಲಿ ಎಷ್ಟೇ ಬೈದಿರಲಿ, ಕೊನೆಗೆ ಬರುವಾಗ ಅವರ ದನಿ ತಗ್ಗುತ್ತಿತ್ತು. ಕಳೆದುಹೋದವರು ಸಿಗುತ್ತಿದ್ದರು, ಕೆಟ್ಟವನಿಗೆ ಜ್ವರ ಬರುತ್ತಿತ್ತು.

ಇನ್ನು ನನ್ನ ಮಗಳ ವಿಷಯ. ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು, ಒಂದು ಶುಕ್ರವಾರ, ಅವಳು ಗಂಡನ ಮನೆಯಿಂದ ನಡೆದುಕೊಂಡು ಬಂದಳು. ಕೈಯಲ್ಲಿ ಗಂಟಿಲ್ಲ. ಮದುವೆಯಾಗಿ ಹತ್ತು ತಿಂಗಳಾಗಿತ್ತು, ಅವಳಿಗೆ ಹದಿನೇಳು. ಅನ್ನ ಬಡಿಸಿ ಕೈ ಹಿಡಿದಾಗ ತೋಳಿನ ಮೇಲೆ ಬಿಸಿ ಸೌಟಿನ ಗುರುತು ಕಂಡಿತು. ಒಂದಲ್ಲ. ಹಳೆಯದು ಎರಡು, ಹೊಸದು ಒಂದು.

ಅವಳ ಅಪ್ಪ ತೀರಿಹೋಗಿ ಬಹಳ ಕಾಲವಾಗಿತ್ತು. ನಮ್ಮಲ್ಲಿ ಸೋದರಮಾವನ ಮಾತೆಂದರೆ ಮಾತು. ನನ್ನ ಅಣ್ಣ ಶನಿವಾರ ಬೆಳಿಗ್ಗೆಯೇ ಬಂದ. ಮಗಳ ತೋಳನ್ನೂ ನೋಡಿದ, ಮುಖ ತಿರುಗಿಸಿಕೊಂಡ. "ಸೋಮವಾರ ಸಂಜೆ ಗಾಡಿ ತರ್ತೇನೆ. ಅವಳ ಗಂಡನೂ ಬರ್ತಾನೆ. ಕರ್ಕೊಂಡು ಹೋಗಿ ಬಿಡುವುದು. ನಾಲ್ಕು ಜನ ಮಾತಾಡುವ ಮೊದಲು ಆಗಬೇಕು" ಎಂದ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅಣ್ಣನಿಗೆ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಮಗಳು ಬಾವಿಕಟ್ಟೆಯ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದಳು.

ಅದೇ ಶನಿವಾರ ಹೊಸ ಪಿಚ್ಚರಿನ ಎತ್ತಿನ ಗಾಡಿ ಡೋಲು ಬಡಿಯುತ್ತಾ ಕಾರ್ಖಾನೆಯ ಎದುರಿನಿಂದ ಹೋಯಿತು. ಒಬ್ಬಳು ನೋಟೀಸು ಹೆಕ್ಕಿ ತಂದು ಓದಿದಳು. ಗಂಡನ ಹಿಂಸೆ ತಾಳದೆ ತವರಿಗೆ ಬಂದ ಹೆಣ್ಣಿನ ಕತೆ. ಅವಳು ತಿರುಗಿ ಹೋಗುವಳೋ ಇಲ್ಲವೋ, ಪರದೆಯ ಮೇಲೆ ನೋಡಿರಿ ಎಂದು ಬರೆದಿತ್ತು. ಓದುತ್ತಿದ್ದವಳ ದನಿ ಸಣ್ಣದಾಯಿತು. ಎಲ್ಲರೂ ನನ್ನನ್ನು ನೋಡಿದರು. ಸುದ್ದಿ ನನಗಿಂತ ಮೊದಲೇ ಕಾರ್ಖಾನೆಗೆ ಬಂದಿತ್ತು.

ನಾನು ತಲೆ ಎತ್ತದೆ ಹೇಳಿದೆ: "ಅಕ್ಕ, ಅವಳು ಹೋಗ್ತಾಳಾ ಇಲ್ವಾ, ಸರಿಯಾಗಿ ನೋಡಿ ಬನ್ನಿ."

ಮೂರ್ಖತನ ಎಂದು ನೀವು ಅನ್ನಬಹುದು. ಓದಿದವರಾದರೆ ಪುಸ್ತಕ ತೆರೆದು ನೋಡುತ್ತಾರೆ, ವಕೀಲರನ್ನು ಕೇಳುತ್ತಾರೆ. ನನಗೆ ಗೊತ್ತಿದ್ದ ಜಗತ್ತೆಲ್ಲ ಅಕ್ಕ ಸೋಮವಾರ ಸೋಮವಾರ ತಂದುಕೊಟ್ಟದ್ದು. ಬೇರೆ ಊರಿನ ತಾಯಂದಿರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ನೋಡಲು ನನಗಿದ್ದದ್ದು ಅದೊಂದೇ ಕಿಟಕಿ.

ಸೋಮವಾರ ನಾನು ಹೋಗುವಾಗ ಅಕ್ಕ ಆಗಲೇ ಕಲ್ಲಿನ ಮುಂದೆ ಕೂತಿದ್ದರು. ಯಾವತ್ತೂ ಎಲ್ಲರಿಗಿಂತ ಕೊನೆಗೆ ಬರುವವರು. ಕಾಲಿಗೆ ಮರಳು ಮೆತ್ತಿತ್ತು, ಕಣ್ಣು ಕೆಂಪಾಗಿತ್ತು. ಮೈಮೇಲೆ ಭಾನುವಾರದ ಕೆಂಪು ಪಟ್ಟಿಯ ಸೀರೆ.

"ಎಂತ ಅಕ್ಕ, ಆ ಸೀರೆಗೆ ಸೊನೆ ತಾಗಿದರೆ ಕಲೆ ಹೋಗುವುದಿಲ್ಲವಲ್ಲ!" ಎಂದೆ.

"ಯಾಕೆ, ಸೋಮವಾರ ನಾನು ಚಂದ ಕಾಣಬಾರದಾ?" ಎಂದು ನಗಿಸಿದರು. ಅಂದೇ ಮಧ್ಯಾಹ್ನದೊಳಗೆ ಆ ಸೀರೆಯ ಸೆರಗಿನ ಮೇಲೆ ಅಂಗೈಯಷ್ಟು ಕಪ್ಪು ಕಲೆ ಬಿತ್ತು.

ಅಂದು ತೀರ್ಪು ಹೇಳಲಿಲ್ಲ. ನೇರ ಕತೆ. ಆ ಹೆಣ್ಣು ತವರಿಗೆ ಬಂದದ್ದು, ತಾಯಿಗೆ ಮಾತೇ ಹೊರಡದಿದ್ದದ್ದು, ಊರವರು ಬಂದು ಬಂದು ಹೇಳಿದ್ದು. ಕೊಡತಿಗಳೆಲ್ಲ ಒಂದೊಂದಾಗಿ ನಿಂತವು. ಮೇಸ್ತ್ರಿಯೂ ಬೈಯಲಿಲ್ಲ.

"ಗಾಡಿ ಬಂತು" ಎಂದರು ಅಕ್ಕ. "ಅಳಿಯ ಇಳಿದ. ತಾಯಿ ಹೊಸ್ತಿಲಿನಲ್ಲಿ ನಿಂತಿದ್ದಳು. ಗಲಾಟೆ ಮಾಡಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ಬೆಲ್ಲ, ನೀರು ತಂದಳು. ಅಳಿಯನಿಗೆ ಕೊಟ್ಟಳು, ಗಾಡಿಯವನಿಗೂ ಕೊಟ್ಟಳು. ಬಿಸಿಲಿನಲ್ಲಿ ಬಂದಿದ್ದೀರಿ, ಬಾಯಾರಿಕೆ ಮುಗಿಸಿ. ಗಾಡಿ ಖಾಲಿ ತಕ್ಕೊಂಡು ಹೋಗಿ, ನನ್ನ ಮಗಳು ಬರುವುದಿಲ್ಲ ಅಂದಳು. ಬೆಲ್ಲ ತಿಂದ ಬಾಯಲ್ಲಿ ಅವರು ಹೇಗೆ ಜಗಳ ಮಾಡುವುದು? ಗಾಡಿ ಹೋಯಿತು. ಹೋಗುವಾಗ ಎತ್ತಿನ ಗಂಟೆ ಕೇಳ್ತಾ ಇತ್ತು, ಸಣ್ಣ ಆಗ್ತಾ, ಸಣ್ಣ ಆಗ್ತಾ. ಅಷ್ಟೆ. ಮುಗಿಯಿತು."

ಆ ದಿನ ಇಡೀ ಸಾಲಿನಲ್ಲಿ ಒಂದು ತಿರುಳೂ ಇಡಿಯಾಗಿ ಬರಲಿಲ್ಲ.

ಸಂಜೆ ಅಣ್ಣ ಗಾಡಿ ತಂದ. ಅಳಿಯ ಇಳಿದ. ನಾನು ಹೊಸ್ತಿಲಿನಲ್ಲಿ ನಿಂತಿದ್ದೆ. ಮುಂದೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಒಳಗೆ ಹೋಗಿ ಬೆಲ್ಲ, ನೀರು ತಂದೆ. ಅಳಿಯನಿಗೆ, ಅಣ್ಣನಿಗೆ, ಗಾಡಿಯವನಿಗೆ. ಅಣ್ಣ ಬೆಲ್ಲ ಬಾಯಿಗೆ ಹಾಕಿಕೊಂಡ ಮೇಲೆ ಹೇಳಿದೆ: "ಗಾಡಿ ಖಾಲಿ ತಕ್ಕೊಂಡು ಹೋಗು ಅಣ್ಣ. ಅವಳು ಬರುವುದಿಲ್ಲ."

"ಯಾರು ಹೇಳಿಕೊಟ್ಟದ್ದು ನಿನಗೆ ಇದನ್ನು?" ಎಂದು ಕೇಳಿದ ಅಣ್ಣ.

"ಎಲ್ಲ ಕಡೆ ಹೀಗೆಯೇ ಮಾಡ್ತಾರೆ" ಎಂದೆ.

ಅಣ್ಣ ಬೆಲ್ಲ ನುಂಗಿ, ಅಳಿಯನನ್ನು ಹತ್ತಿಸಿಕೊಂಡು ಗಾಡಿ ತಿರುಗಿಸಿದ. ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ ಅವನು. ಜನ ಮಾತನಾಡಿದರು, ನಾಲ್ಕಲ್ಲ, ನಲವತ್ತು ಜನ.

ಮೂರು ವರ್ಷ ಕಳೆದು ಅದೇ ಪಿಚ್ಚರು ಮತ್ತೆ ಪೇಟೆಗೆ ಬಂತು. ಮಗಳು ಆಗ ನನ್ನ ಎಡಬದಿಯ ಕಲ್ಲಿನಲ್ಲಿ ಕೂತು ಬೀಜ ಒಡೆಯುತ್ತಿದ್ದಳು. ಇಬ್ಬರೂ ಆಸೆಯಿಂದ ಹೋದೆವು. ನಾನು ಟಾಕೀಸಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಎಲ್ಲವೂ ಅಕ್ಕ ಹೇಳಿದ ಹಾಗೆಯೇ ಇತ್ತು. ಗಾಡಿಯೂ ಬಂತು. ನಾನು ಬೆಲ್ಲಕ್ಕೆ ಕಾದೆ. ಬೆಲ್ಲ ಬರಲಿಲ್ಲ. ತಾಯಿ ಮಗಳ ಕೈ ಹಿಡಿದು ಗಾಡಿ ಹತ್ತಿಸಿದಳು. ಗಂಡನ ಮನೆಯಲ್ಲಿ ಆ ಹುಡುಗಿ ಹಾಸಿಗೆ ಹಿಡಿದು ಸತ್ತಳು. ಗಂಡ ಅವಳ ಪಟಕ್ಕೆ ಹೂವಿನ ಮಾಲೆ ಹಾಕಿ ಅತ್ತ. ಸುತ್ತ ಕೂತವರೂ ಅತ್ತರು. ಮಗಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ಅಮ್ಮ, ಅಕ್ಕ ಹೇಳಿದ್ದು ಇದಲ್ಲವಲ್ಲ" ಎಂದಳು.

ಮರುದಿನ ಅಕ್ಕನನ್ನು ಕೇಳಿದೆ. ಅವರು ಕೊಡತಿ ನಿಲ್ಲಿಸಲಿಲ್ಲ.

"ನಾನು ಯಾವ ಪಿಚ್ಚರಿನ ಕೊನೆ ನೋಡಿದ್ದೇನೆ ಮಾರಾಯ್ತಿ? ಆಟ ಮುಗಿಯುವುದು ಐದೂಕಾಲಿಗೆ. ಐದಕ್ಕೇ ಎದ್ದರೆ ಮಾತ್ರ ಕಡವಿನ ಕೊನೆಯ ದೋಣಿ ಸಿಗುವುದು. ಹನ್ನೆರಡು ವರ್ಷದಿಂದ ನಿಮಗೆ ಹೇಳಿದ ಕೊನೆಗಳೆಲ್ಲ ನನ್ನವೇ. ದಾರಿಯಲ್ಲಿ ನಡೆಯುತ್ತಾ ಕಟ್ಟಿದ್ದು."

ನಾನು ನಕ್ಕೆ, ನಗದೆ ಏನು ಮಾಡುವುದು? ಆದರೆ ಅಂದಿನಿಂದ ಎದೆಯಲ್ಲಿ ಒಂದು ಹೆದರಿಕೆ ಉಳಿಯಿತು. ಇವರು ನೋಡದೆ, ಬಾಯಿಗೆ ಬಂದದ್ದು ಹೇಳಿದ್ದನ್ನು ನಂಬಿ ನಾನು ಮಗಳ ಬದುಕು ತೀರ್ಮಾನಿಸಿದೆನಲ್ಲ. ಬೇರೆ ಏನಾದರೂ ಬಾಯಿಗೆ ಬಂದಿದ್ದರೆ? ಎಷ್ಟೋ ಸಲ ಮಗಳ ಮುಖ ನೋಡುವಾಗ ಅದೇ ಯೋಚನೆ.

ಮಗಳಿಗೆ ಆಮೇಲೆ ಹಂಚಿನ ಕಾರ್ಖಾನೆಯ ಒಬ್ಬ ಸಾಧು ಮನುಷ್ಯನೊಂದಿಗೆ ಬುಡುದಾರೆಯಾಯಿತು. ನಮ್ಮಲ್ಲಿ ಎರಡನೆಯ ಮದುವೆಗೆ ಹಾಗೆ ಹೇಳುವುದು. ಧಾರೆ ಎರೆಯುವಾಗ ನೀರಿನ ಗಿಂಡಿ ಹಿಡಿದವನು ನನ್ನ ಅಣ್ಣ. ಕಾದು ಕಾದು ಕಳೆದ ಸುಗ್ಗಿಯಲ್ಲಿ ಈ ಬಂಗಾರ ಹುಟ್ಟಿತು, ನಾಲ್ಕು ಹಲ್ಲಿನದ್ದು.

ಅಷ್ಟರಲ್ಲಿ ಅಕ್ಕ ಕೆಲಸ ಬಿಟ್ಟಿದ್ದರು, ಕಣ್ಣು ಮಂಜಾಗಿತ್ತು. ಕೂಸಿಗೆ ಎರಡು ತಿಂಗಳು ತುಂಬಿದ ಮೇಲೆ, ಮಳೆ ಹಿಡಿಯುವ ಮೊದಲು, ತೋರಿಸಿ ಬರೋಣ ಎಂದು ಮಗಳೊಡನೆ ಕೂಳೂರಿಗೆ ಹೋದೆ. ದೋಣಿಯವ ಮುದುಕ. ಯಾರ ಮನೆಗೆ ಎಂದು ಕೇಳಿ ತಿಳಿದುಕೊಂಡು ನಕ್ಕ.

"ಪಿಚ್ಚರಿನ ಅಕ್ಕನಾ? ಎಷ್ಟು ವರ್ಷ ದಾಟಿಸಿದ್ದೇನೆ! ಭಾನುವಾರ ಓಡಿಕೊಂಡು ಬಂದು ಹತ್ತುವವರು. ಒಂದೇ ಒಂದು ಸಲ ತಪ್ಪಿತು. ಯುದ್ಧಕ್ಕೆ ಒಂದು ವರ್ಷ ಮೊದಲು ಇರಬೇಕು. ಭಾನುವಾರ ಸಂಜೆ ಇಲ್ಲ, ಸೋಮವಾರ ಬೆಳಿಗ್ಗೆ ಅವರ ಮನೆಯ ದಡದಲ್ಲೂ ಇಲ್ಲ. ಹೊಳೆಗೆ ಬಿದ್ದರೋ ಅಂತ ಹೆದರಿದ್ದೆ. ಸೋಮವಾರ ಸಂಜೆ ಬಂದರು, ಆ ಬಿಳಿ ಸೀರೆಗೆ ಸೊನೆಯ ಕಲೆ ಮಾಡಿಕೊಂಡು. ಎಲ್ಲಿಗೆ ಹೋಗಿದ್ದಿರಿ ಅಂದರೆ, ಪಿಚ್ಚರು ಪೂರ್ತಿ ನೋಡಿದೆ ಅಂದರು."

ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ನನಗೆ ಬೇರೇನೂ ಕೇಳಿಸಲಿಲ್ಲ. ಆ ಸೋಮವಾರದ ಸೀರೆ, ಕಾಲಿನ ಮರಳು, ಕೆಂಪು ಕಣ್ಣು ಎಲ್ಲ ಒಟ್ಟಿಗೆ ನೆನಪಾದವು. ಅಕ್ಕ ಕೊನೆ ನೋಡಿದ್ದರು. ನೋಡಿಯೇ ನನಗೆ ಬೇರೆ ಹೇಳಿದ್ದರು.

ಗುಡಿಸಲಿನ ಜಗಲಿಯಲ್ಲಿ ಕೂತಿದ್ದರು. ದನಿಯಿಂದಲೇ ಗುರುತು ಹಿಡಿದು, ಬೆಲ್ಲ, ನೀರು ತಂದಿಟ್ಟರು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಆ ಭಾನುವಾರ ನೀವು ದೋಣಿಗೆ ಬರಲಿಲ್ಲವಂತೆ."

"ಆ ಬಾಯಿಬಡುಕ ಹೇಳಿದನಾ?" ನೀರಿನ ಚೆಂಬನ್ನು ನನ್ನ ಕಡೆಗೆ ಸರಿಸಿದರು. "ಸರಿಯಾಗಿ ನೋಡಿ ಬನ್ನಿ ಅಂದವಳು ನೀನೇ ಅಲ್ಲವಾ? ನೋಡಿದೆ. ಜನ್ಮದಲ್ಲಿ ಕೂತು ನೋಡಿದ್ದು ಒಂದೇ ಕೊನೆ, ಅದೂ ಅಂಥದ್ದು! ಎಷ್ಟು ಒಳ್ಳೆ ಪಿಚ್ಚರು ಮಾರಾಯ್ತಿ. ಕೊನೆಯ ಕಾಲು ಗಂಟೆಯಲ್ಲಿ ಹಾಳು ಮಾಡಿ ಹಾಕಿದ್ದರು. ಕಡವಿಗೆ ನಡೆದು ಬಂದೆ, ದೋಣಿ ಹೋಗಿಯಾಗಿತ್ತು. ಅಲ್ಲೇ ಚಪ್ಪರದಲ್ಲಿ ಬೆಳಗಿನ ತನಕ ಕೂತು ಯೋಚನೆ ಮಾಡಿದೆ. ಹುಡುಗಿಯನ್ನು ಒಳಗೆ ಇಟ್ಟುಕೊಳ್ಳುವುದು ಸುಲಭ. ಗಾಡಿಯನ್ನು ಜಗಳ ಇಲ್ಲದೆ ತಿರುಗಿಸುವುದು ಹೇಗೆ? ಬೆಳಗಾಗುವಾಗ ಬೆಲ್ಲ ಹೊಳೆಯಿತು."

"ಮತ್ತೆ ನಾನು ಕೇಳಿದಾಗ ನೋಡಲೇ ಇಲ್ಲ ಅಂದದ್ದು ಯಾಕೆ?"

"ನೋಡಿಯೂ ಬದಲಾಯಿಸಿದೆ ಅಂದಿದ್ದರೆ ನೀನು ಹೆದರುತ್ತಿದ್ದಿ. ನೋಡದೆ ಹೇಳಿದೆ ಅಂದರೆ ನಗುತ್ತಿ ಅಂತ ಎಣಿಸಿದೆ."

ನಕ್ಕೆ ಅಕ್ಕ, ಆದರೆ ಅದಕ್ಕೂ ಹೆದರಿದೆ ಎಂದು ಹೇಳಲು ಬಾಯಿ ತೆರೆದೆ. ಹೇಳುವ ಬದಲು ಕೂಸನ್ನು ಅವರ ತೊಡೆಯ ಮೇಲೆ ಇಟ್ಟೆ. ಕಪ್ಪು ಬೆರಳಿನಿಂದ ಮೂಗು ಮುಟ್ಟಿದರು, ಕಿವಿ ಮುಟ್ಟಿದರು, ಅಂಗಾಲು ಹಿಡಿದು ನೋಡಿದರು. ನಾವಿಬ್ಬರೂ ಸೋಮವಾರ ಬೆಳಿಗ್ಗೆಯ ಹಾಗೆ ತೀರ್ಪಿಗೆ ಕಾದೆವು.

"ಒಳ್ಳೆ ಪಿಚ್ಚರು" ಎಂದರು. "ನಾನು ಮಧ್ಯದಲ್ಲಿ ಏಳಬೇಕಾಗ್ತದೆ. ಅಡ್ಡಿಯಿಲ್ಲ, ನನಗೆ ಅಭ್ಯಾಸ ಉಂಟು."

ಹೊರಡುವಾಗ ಒಳಗೆ ತಡಕಾಡಿ, ಮಡಚಿ ಇಟ್ಟಿದ್ದ ಸೀರೆಯನ್ನು ತಂದು ಮಗಳ ಕೈಗೆ ಕೊಟ್ಟರು. ಕೆಂಪು ಪಟ್ಟಿಯ ಬಿಳಿ ಸೀರೆ. "ತೊಟ್ಟಿಲಿಗೆ ಕಟ್ಟು. ಹಳೆಯದು, ಮೆತ್ತಗೆ ಉಂಟು. ಏಳಿ ಏಳಿ, ಕೂತುಕೊಂಡರೆ ದೋಣಿ ಹೋಗ್ತದೆ."

ಮೊಮ್ಮಗಳು ಈಗ ಅದರಲ್ಲೇ ಮಲಗುವುದು. ಸೆರಗಿನ ಮೇಲಿನ ಆ ಕಪ್ಪು ಕಲೆ ಅವಳ ಕಾಲಿನ ಹತ್ತಿರ ಬರುತ್ತದೆ. ಎಷ್ಟು ಒಗೆದರೂ ಹೋಗುವುದಿಲ್ಲ ಎಂದು ಮಗಳು ಕಲ್ಲಿಗೆ ಹಾಕಿ ಉಜ್ಜಲು ಹೋಗುತ್ತಾಳೆ. ನಾನು ಬಿಡುವುದಿಲ್ಲ.